ರೂತಿಯ ಕಣ್ಣಿಗೆ ಕಾದ ಶುಕ್ರವಾರಗಳು

ನಮ್ಮ ರೂತಿ ಇವತ್ತು ನನ್ನನ್ನು ನೋಡಿದಳು. ದನಿ ಕೇಳಿ ತಿರುಗಿದ್ದಲ್ಲ. ನಾನು ಬಾಯಿ ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೊಮ್ಮಗಳು ನನ್ನ ಮುಖ ಹುಡುಕಿ, ಕಂಡುಹಿಡಿದು ನಕ್ಕಳು. ಅರಸೀಕೆರೆಯ ನಮ್ಮ ಬೀದಿಗೆಲ್ಲ ಹೇಳಿ ಬಂದೆ. ಹೇಳಿದವರಿಗೇ ಇನ್ನೊಂದು ಸಲ ಹೇಳಿದೆ.

ಮೊದಲು ಅನುಮಾನ ಬಂದದ್ದು ಸೊಸೆ ಶಾಂತಿಗೆ. ಹಾಲು ಕುಡಿಸುವಾಗ ಮಗು ಅವಳ ಮುಖ ನೋಡುತ್ತಿರಲಿಲ್ಲ. ಕಣ್ಣಪಾಪೆಯ ನಡುವೆ ಬೆಳ್ಳಗೆ ಏನೋ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚ್ ಬಿಟ್ಟು ನೋಡಿದರು.

ಎರಡೂ ಕಣ್ಣಿಗೆ ಕ್ಯಾಟರಾಕ್ಟ್. ಹುಟ್ಟುತ್ತಲೇ ಪೊರೆ.

"ಬೇಗ ಆಪರೇಷನ್ ಮಾಡಿಸಿ. ಕಣ್ಣಿಗೆ ಬೆಳಕು ಹೋಗದಿದ್ರೆ ಮೆದುಳು ನೋಡೋದನ್ನ ಕಲಿಯಲ್ಲ," ಎಂದರು.

ನಮ್ಮದು ಕ್ರೈಸ್ತರ ಮನೆ. ಯಜಮಾನರು ತೀರಿಕೊಂಡ ಮೇಲೆ ಅವರ ಅಣ್ಣ, ಬಾಣಾವರದ ಭಾವನವರೇ ಹಿರಿಯರು. ಪ್ರಾರ್ಥನೆ ನಡೆಸುವವರು. ಮಗುವನ್ನು ಮುಟ್ಟುವ ಮೊದಲೇ ಶಾಂತಿಯನ್ನು ಕೇಳಿದರು.

"ನಿಮ್ಮ ಕಡೆ ಯಾರ ಪಾಪಾನಮ್ಮ ಇದು?"

ಶಾಂತಿ ಹಗರೆಯವಳು. ಮದುವೆಗೆ ಮೊದಲು ನಮ್ಮ ಚರ್ಚಿನ ಸಭೆಯವಳಲ್ಲ.

ಕೂಸಿಗಾಗಿ ಹಿಡಿದ ಶುಕ್ರವಾರಗಳ ಉಪವಾಸ ಪ್ರಾರ್ಥನೆ ಮುಗಿಯುವ ಮೊದಲು ಆಪರೇಷನ್ ಎಂದರೆ ನಂಬಿಕೆ ಇಲ್ಲದಂತೆ, ಎಂದರು ಭಾವ. ನನ್ನ ಮಗ ಸರಿ ಎಂದು ತಲೆಯಾಡಿಸಿದ. ಶುಕ್ರವಾರಗಳು ಹೋದವು. ಕೂಸು ಸೂರಿನತ್ತ, ಗೋಡೆಯತ್ತ, ಎತ್ತಲೋ ಕಣ್ಣು ಬಿಟ್ಟು ಮಲಗಿರುತ್ತಿತ್ತು. ಮನೆಯಲ್ಲಿ ಯಾರೂ ಶಾಂತಿಯ ಮುಖ ನೋಡುತ್ತಿರಲಿಲ್ಲ.

ನಾನೂ.

ಒಂದು ಶುಕ್ರವಾರ ಭಾವ ಅವಳ ಕೈಗೇ ಸತ್ಯವೇದ ಕೊಟ್ಟು, ಹುಟ್ಟುಕುರುಡನ ಕಥೆ ಓದಿಸಿದರು. ಪಾಪ ಇವನದೋ, ಹೆತ್ತವರದೋ ಎಂದು ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಅನ್ನುತ್ತಾನೆ ಯೇಸು. ಕಣ್ಣಿಗೆ ಮಣ್ಣು ಹಚ್ಚಿ, ಕೊಳದಲ್ಲಿ ತೊಳೆದುಕೊಂಡು ಬಾ ಎಂದು ಕಳಿಸುತ್ತಾನೆ. ಶಾಂತಿ ಅಲ್ಲಿ ನಿಲ್ಲಿಸಿದಳು.

"ದೊಡ್ಡ ಮಾವ, ಅವನು ಮಣ್ಣು ಮೆತ್ಕೊಂಡು ಅಲ್ಲೇ ಕೂತಿರ್ಲಿಲ್ಲ. ಎದ್ದು ಹೋದ."

"ನನಗೇ ಸತ್ಯವೇದ ಹೇಳಿಕೊಡ್ತೀಯೇನಮ್ಮ?"

"ಓದು ಅಂದ್ರಿ. ಓದ್ದೆ."

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆ ಕಥೆಯನ್ನು ಎಷ್ಟೋ ಸಲ ಕೇಳಿ, ಕುರುಡ ಎಂದರೆ ಆ ಭಿಕ್ಷುಕನೊಬ್ಬನೇ ಎಂದುಕೊಂಡಿದ್ದೆ. ಅವನು ಕಣ್ಣು ಪಡೆದು ಎದುರು ಬಂದು ನಿಂತ ಮೇಲೂ ಶಾಸ್ತ್ರ ಬಲ್ಲವರು ವಿಚಾರಣೆಯನ್ನೇ ನಡೆಸುತ್ತಾರೆ. ನಮಗೆಲ್ಲ ಕಾಣುತ್ತದೆ ಎನ್ನುವ ಅವರಿಗೇ ಎದುರಿಗಿದ್ದವನು ಕಾಣುವುದಿಲ್ಲ. ನಮ್ಮ ಮನೆಯಲ್ಲೂ ಕಣ್ಣಿದ್ದವರೆಲ್ಲ ಪಾಪ ಹುಡುಕುತ್ತ ಕೂತಿದ್ದೆವು. ಕೂಸು ನಡುವೆ ಮಲಗಿತ್ತು.

ಎತ್ತಿಕೊಂಡೆ. "ಏಳೇ ಶಾಂತಿ. ಹಾಸನಕ್ಕೆ ಬಸ್ಸೈತೆ."

"ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಹೋಗ್ತೀಯಾ?" ಎಂದರು ಭಾವ.

"ಮಿಕ್ಕಿದ್ದು ಬಸ್ಸಲ್ಲಿ ಮಾಡ್ಕೊತೀನಿ. ನೀವು ಇಲ್ಲಿ ಮುಂದುವರ್ಸಿ."

ಆಪರೇಷನ್ ಆಯಿತು. ಬಲಗಣ್ಣು ಪರವಾಗಿಲ್ಲ, ಎಡಗಣ್ಣಿನ ಪೊರೆ ದಟ್ಟವಾಗಿತ್ತು, ತಡವಾಯಿತು ಎಂದರು ಡಾಕ್ಟರಮ್ಮ.

ಅದು ಮಬ್ಬಾಗಿಯೇ ಉಳಿಯಬಹುದು.

ಹೋದ ಆ ಶುಕ್ರವಾರಗಳನ್ನು ಇನ್ನು ಯಾರು ತಂದುಕೊಡುತ್ತಾರೆ? ಅಷ್ಟು ಚಿಕ್ಕ ಮುಖಕ್ಕೆ ದಪ್ಪ ಗಾಜಿನ ಕನ್ನಡಕ. ದಿನಾ ಬಲಗಣ್ಣಿಗೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ನೋಡುವ ಕೆಲಸ ಕಲಿಸಬೇಕು. ಕೂಸು ಅಳುತ್ತದೆ. ಅಂಟಿಸುತ್ತೇವೆ. ದೇವರು ಉಳಿಸಿದಷ್ಟಕ್ಕೆ ಸ್ತೋತ್ರ.

ಭಾವ ಅಂದಿನಿಂದ ಬಂದಿರಲಿಲ್ಲ. ಸುದ್ದಿ ಕೇಳಿ ಇವತ್ತು ಸಂಜೆ ರೈಲಿಗೆ ಬಂದರು. ಎಲ್ಲರೂ ಸುತ್ತ ಊಟಕ್ಕೆ ಕೂತೆವು. ಅವರ ಪ್ರಾರ್ಥನೆ ಚಿಕ್ಕದಾಗಿತ್ತು. ಶಾಂತಿಯ ತೊಡೆಯ ಮೇಲೆ ಕೂತ ಕೂಸು ಒಬ್ಬೊಬ್ಬರ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ನೋಡುತ್ತಿತ್ತು. ಭಾವನ ಸರದಿ ಬಂತು; ಕೂಸು ಅವರತ್ತ ಕಣ್ಣು ನೆಟ್ಟಿತು. ಅವರ ಕೈ ನಡುವೆಯೇ ನಿಂತುಬಿಟ್ಟಿತು.

"ಉಣ್ಣಿ ದೊಡ್ಡ ಮಾವ," ಎಂದಳು ಶಾಂತಿ. "ಮುದ್ದೆ ಆರೋಗುತ್ತೆ."