ಅವ್ವ ಹಾಕಿದ ಗಂಟು

ಪಾರ್ಕಿನ ಜೈಂಟ್ ವೀಲ್ ರಾಟೆಯಲ್ಲಿ ಮಗಳಿಗೆ ಬೆಲ್ಟ್ ಬಿಗಿಯುವುದನ್ನು ನೋಡುತ್ತಲೇ ನನಗೆ ಆ ಗಂಟು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ, ಅವ್ವ, ತಮ್ಮನ ಜೊತೆ ಗುಂಡ್ಲುಪೇಟೆಯಿಂದ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ಜನರ ನಡುವೆ ಕಳೆದುಹೋಗಬಾರದೆಂದು ಅವ್ವ ಹಳೆ ಸೀರೆಯ ಅಂಚು ಹರಿದು, ನನ್ನ ಮಣಿಕಟ್ಟನ್ನೂ ತಮ್ಮನ ಉಡಿದಾರವನ್ನೂ ಸೇರಿಸಿ ಕಟ್ಟಿದ್ದಳು. "ಬಿಚ್ಬುಟ್ಟೀಯೆ, ಜೋಕೆ ಕಣಮ್ಮಿ!"

ರಾಟೆಯವನು ನನ್ನನ್ನು ಮಾತ್ರ ಎತ್ತಿ ಮರದ ತೊಟ್ಟಿಲಲ್ಲಿ ಕೂರಿಸಿ ತಿರುಗಿಸಿದ. ಗಂಟು ಯಾರಿಗೂ ನೆನಪಿರಲಿಲ್ಲ. ತೊಟ್ಟಿಲು ಏರಿತು. ಕೆಳಗಿದ್ದ ತಮ್ಮನ ಕಾಲುಗಳು ನೆಲ ಬಿಟ್ಟವು.

"ನಿಲ್ಸಪ್ಪೋ, ಕೂಸು ನೇತಾಡ್ತಾದೆ!" ಅವ್ವ ಕೂಗಿದಳು.

ರಾಟೆ ನಿಂತಿತು. ಅಪ್ಪ ತಮ್ಮನನ್ನು ಎತ್ತಿ ಹಿಡಿದ. ಬಿಚ್ಚಲಾಗದ ಗಂಟನ್ನು ಅವ್ವ ಹಲ್ಲಿನಿಂದಲೇ ಕಚ್ಚಿ ಹರಿದಳು. ತಮ್ಮನದು ಬೇರೆಯೇ ಅಳು: "ನನ್ನೂ ರಾಟೆ ಅತ್ಸವ್ವ!" ಊರು ಸೇರುವವರೆಗೂ ಅವ್ವ ನಮ್ಮಿಬ್ಬರ ಕೈ ಬಿಡಲಿಲ್ಲ.

ಇಂದು ಮಗಳು ಮೇಲಿನಿಂದ ಕೈಬೀಸಿದಳಂತೆ. ನಾನು ನೋಡಲಿಲ್ಲ. ಕೆಳಗೆ ಸಾಲಿನಲ್ಲಿ ನಿಂತ ಪುಟ್ಟ ಮಕ್ಕಳ ಕಾಲುಗಳನ್ನೇ ನೋಡುತ್ತಿದ್ದೆ.