ಬಾವಡಿ ಪಿಚ್ಚರಿನ ಗುರುಪಾದಪ್ಪ

ಗುರುಪಾದಪ್ಪ ಭಾವನವರು ಯಾವ ಕಥೆಯನ್ನೂ ಒಂದೇ ಸಲಕ್ಕೆ ಮುಗಿಸಿದವರಲ್ಲ. ಊಟಕ್ಕೆ ಕೂತಾಗ ಶುರು ಮಾಡಿ, ಕೊನೆ ಬಂತೆನ್ನುವಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಮುಂದ ಏನಾತು, ಹೇಳ್ರಿ ನೋಡೂನು?" ಎಂದು ನಮ್ಮ ಮುಖ ನೋಡುವರು. ಯಾರಾದರೂ ಸರಿಯಾಗಿ ಹೇಳಿಬಿಟ್ಟರೆ ಮುಗಿಯಿತು, ಆ ಕಥೆ ಮತ್ತೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಗೊತ್ತಿರೋ ಕಥಿಗೆ ಟಿಕೀಟ ಯಾಕ ತಗೀಬೇಕು?" ಎನ್ನುವರು.

ಅವರು ನನ್ನ ಗಂಡನ ಅಣ್ಣ. ನಲವತ್ತರ ದಶಕದಲ್ಲಿ ನಾನು ಬಬಲೇಶ್ವರದಿಂದ ಸೊಸೆಯಾಗಿ ತಿಕೋಟಾಕ್ಕೆ ಬಂದಾಗಲೇ ಪಿಚ್ಚರಿನ ಹುಚ್ಚು ಅವರ ತಲೆಗೇರಿತ್ತು. ಬಿಜಾಪುರದ ಥೇಟರಿಗೆ ಬರುತ್ತಿದ್ದವೆಲ್ಲ ಹೆಚ್ಚಾಗಿ ದೇವರ ಪಿಚ್ಚರುಗಳು. ಭಾವನವರಿಗೆ ಯಾರೂ ಕೇಳಿರದ ಕಥೆ ಬೇಕು. ತಾವೇ ಬರೆದರು. ಒಂದು ಬಾವಡಿ, ಅಂದರೆ ಮೆಟ್ಟಿಲುಬಾವಿ, ಅದರೊಳಗೊಂದು ಹೆಣ. ಕೊಂದವರು ಯಾರೆಂಬುದು ಕೊನೆಯ ರೀಲಿನ ತನಕ ಗೊತ್ತಾಗಬಾರದು. ಪಾಲಿಗೆ ಬಂದ ಎರೆಹೊಲವನ್ನೆಲ್ಲ ಮಾರಿ ಕೊಲ್ಲಾಪುರದ ಪಿಚ್ಚರ ಸ್ಟುಡಿಯೋಗೆ ಹೋಗಿ, ಮೆಟ್ಟಿಲು ಕಮಾನು ಸಮೇತ ಅಲ್ಲೊಂದು ಬಾವಡಿಯನ್ನೇ ಕಟ್ಟಿಸಿದರು.

"ಬಿಜಾಪುರದಾಗ ಹೆಜ್ಜೀಗೊಂದು ಬಾವಡಿ ಅದಾವ. ರೊಕ್ಕಾ ಕೊಟ್ಟು ಹೊಸಾದು ಕಟ್ಟಸ್ತಾರೇನೋ ಹುಚ್ಚಾ?" ಎಂದು ಅತ್ತೆ ಹಣೆ ಬಡಿದುಕೊಂಡರು.

"ನಮ್ಮ ಬಾವಡ್ಯಾಗ ಕ್ಯಾಮರಾ ಇಳಿಸಿದ್ರ ಬರೇ ಕತ್ತಲಾ ಬರತೈತಿ ಬೇ," ಎಂದು ಭಾವನವರು ನಕ್ಕರು.

ಪಿಚ್ಚರು ಮುಗಿದು ಬಿಜಾಪುರದ ಥೇಟರಿಗೆ ಬಂದಾಗ ಮೊದಲ ಆಟಕ್ಕೆ ಊರೇ ಚಕ್ಕಡಿ ಹೂಡಿತು. ಜ್ವರ ಬಂದಿದ್ದರಿಂದ ಅತ್ತೆಯೊಬ್ಬರೇ ಮನೆಯಲ್ಲಿ ಉಳಿದರು. ಹೆಂಗಸರೆಲ್ಲ ಕಾಯಿ, ಕರ್ಪೂರ ಹಿಡಿದು ಕೂತೆವು. ಪರದೆಯ ಮೇಲೆ ದೇವರು ಬಂದಾಗ ಆರತಿ ಬೆಳಗಿ ಕಾಯಿ ಒಡೆಯುವುದು ನಮ್ಮ ರೂಢಿ. ದೇವರು ಬರಲೇ ಇಲ್ಲ. ಕೊಲೆಗಾರ ಸಿಕ್ಕಿಬಿದ್ದ, ದೀಪ ಹತ್ತಿತು. "ಇಷ್ಟಕ್ಕ ಮುಗೀತಾ? ದೇವರ ಎಲ್ಲದಾನ?" ಎಂದು ಪಕ್ಕದವಳು ಕೇಳಿದಳು. ಕಾಯಿಗಳು ಹೋದ ಹಾಗೆಯೇ ಚಕ್ಕಡಿಯಲ್ಲಿ ವಾಪಸು ಬಂದವು. ಆ ವಾರವೇ ಥೇಟರು ಖಾಲಿಯಾಯಿತು.

ಥೇಟರಿನ ಮಾಲಕರು ಕೊನೆಯ ರೀಲು ತೆಗೆದು, ಯಾವುದೋ ಹಳೇ ಪಿಚ್ಚರಿನ ಶಿವಪಾರ್ವತಿಯರ ರೀಲು ಅಂಟಿಸುತ್ತೇನೆಂದರು. "ಬ್ಯಾಡಾದ್ರ ಡಬ್ಬಿ ಒಯ್ಯರಿ ಗೌಡ್ರ. ಆದ್ರ ಇದನ್ನ ಮತ್ತ ಯಾರೂ ಹಚ್ಚಂಗಿಲ್ಲ ನೋಡ್ರಿ." ಭಾವನವರು ಎತ್ತಿಕೊಂಡು ಹೋಗಲೆಂದು ರೀಲಿನ ಡಬ್ಬಿಯ ಮೇಲೆ ಕೈಯಿಟ್ಟರು. ಆಮೇಲೆ ಕೈ ತೆಗೆದರು.

ದೇವರ ರೀಲು ಅಂಟಿಸಿದ ಮೇಲೆ ಸಾರವಾಡ, ಬಿಜ್ಜರಗಿಗಳಿಂದಲೂ ಚಕ್ಕಡಿಗಳು ಬಂದವು. ಥೇಟರು ತುಂಬಿ ತುಳುಕಿತು. ಹೆಣ ಬಾವಡಿಯಲ್ಲಿದ್ದಂತೆಯೇ ಶಿವ ಪ್ರತ್ಯಕ್ಷನಾಗುತ್ತಿದ್ದ, ಜನ ಕೈಮುಗಿಯುತ್ತಿದ್ದರು.

ಜ್ವರ ಬಿಟ್ಟ ಅತ್ತೆಯನ್ನು ಕರೆದೊಯ್ದವಳು ನಾನೇ. ಅತ್ತೆ ಕಾಯಿ ಒಡೆದು, ಥೇಟರಿನ ಬಾಗಿಲಲ್ಲಿ ನಿಂತಿದ್ದ ಮಗನ ಅಂಗೈಗೆ ಒಂದು ಚೂರು ಇಟ್ಟು ಅತ್ತರು. "ದೇವರನ್ನ ತಂದು ನನ್ನ ಕಣ್ಣಮುಂದ ನಿಂದರಿಸಿದೆಲ್ಲೋ ಮಗನಾ! ಹೊಲಾ ಹೋದ್ರ ಹೋಗ್ಲಿ."

"ಯವ್ವಾ, ಅದು..." ಎಂದು ಭಾವನವರು ನನ್ನ ಕಡೆ ನೋಡಿದರು. ಆ ಮುದುಕಿಯ ಮುಖ ನೋಡಿ ನಾನು ಬೇಡವೆಂದು ತಲೆಯಾಡಿಸಿದೆ. ಅವರು ಕಾಯಿಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಆಮೇಲೆ ಊಟಕ್ಕೆ ಕೂತಾಗ ಕಥೆ ಹೇಳುವುದನ್ನೇ ಬಿಟ್ಟರು.

ಅವರು ತೀರಿಕೊಂಡ ದಿನ ಬಂದವರೆಲ್ಲ, "ದೇವರ ಪಿಚ್ಚರ ಮಾಡಿದ ಪುಣ್ಯಾತ್ಮ" ಎಂದು ಕಣ್ಣೊರೆಸಿಕೊಂಡರು. ಬಾವಡಿಯಲ್ಲಿ ಕೊಂದವರು ಯಾರೆಂದು ನನಗೆ ಗೊತ್ತು. ಇವತ್ತಿನ ತನಕ ಒಬ್ಬರೂ ಕೇಳಿಲ್ಲ.