ಅಡ್ಡ ಮಲಗಿದ ಗೋರಿ

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ, ಹಿಂದಿನ ರಾತ್ರಿ ಏನು ಉಂಡಿದ್ದಿರಿ ಎಂದು ನಾನು ಮೊದಲು ಕೇಳುತ್ತಿದ್ದೆ. ದೆವ್ವ, ಶಕುನ, ಸತ್ತವರ ಸಪ್ಪಳ ಇವೆಲ್ಲ ಅಜೀರ್ಣದಿಂದ ಹುಟ್ಟುವ ಸಂಗತಿಗಳು ಎಂದು ನಂಬಿದ್ದೆ. ಈಗ ನನ್ನ ಸರದಿ ಬಂದಿದೆ. ಆ ದಿನ ನಾನು ಏನೂ ಉಂಡಿರಲಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ.

ಗೋರಿಯಿಂದ ಎದ್ದು ಬಂದ ಕರ್ತನನ್ನು ನಂಬುವ ಕ್ರೈಸ್ತನೊಬ್ಬ ಇಂಥ ಸಣ್ಣ ವಿಚಿತ್ರಕ್ಕೆ ಹಿಂಜರಿಯುವುದೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೂರದ ನಾಡಿನಲ್ಲಿ, ಬಹಳ ಹಿಂದೆ ನಡೆದದ್ದನ್ನು ನಂಬುವುದು ನನಗೆ ಎಂದೂ ಕಷ್ಟವಾಗಿಲ್ಲ. ನಮ್ಮೂರ ಎರೆಮಣ್ಣಿನಲ್ಲಿ, ನಾನೇ ಸನಿಕೆ ಹಿಡಿದ ಜಾಗದಲ್ಲಿ ನಡೆದದ್ದನ್ನು ನಂಬುವುದೇ ಕಷ್ಟ. ಜೊತೆಗೆ ನಾನು ಬೀದರಿನ ಒಂದು ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಪೂರ್ವ ಪಶ್ಚಿಮ ತಿಳಿಯದವನು ಎಂಬ ಹೆಸರು ಬಂದರೆ ನೌಕರಿಗೇ ಸಂಚಕಾರ. ಊರಿನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾಳೆ ಯಾರಾದರೂ ಟೇಪು ಹಿಡಿದು ಅಳೆಯಲು ಹೋದಾರು ಎಂಬ ಚಿಂತೆ. ಭಾಲ್ಕಿ ದಾಟಿ ಔರಾದ ಕಡೆ ಹೋಗುವ ಹಾದಿಯಲ್ಲಿ ಎಲ್ಲೋ ಇದೆ ಎಂದುಕೊಳ್ಳಿ.

ಆ ಊರಿನಲ್ಲಿ ನನ್ನ ದೊಡ್ಡವ್ವ ಕರುಣಮ್ಮ ಇದ್ದಳು, ನನ್ನ ತಾಯಿಯ ಅಕ್ಕ. ನಮ್ಮ ಕೇರಿಯ ಕೆಲವು ಮನೆಗಳು ಕ್ರೈಸ್ತರಾಗಿದ್ದವು. ದೇವರು ಬದಲಾದರೂ ಊರ ಬಾವಿ ಬದಲಾಗಿರಲಿಲ್ಲ. ಅದರ ಹಗ್ಗ ನಮ್ಮ ಕೈಗೆ ಬರುವಂತಿರಲಿಲ್ಲ. ನಮಗೆ ನೀರು ತಂದುಕೊಡುತ್ತಿದ್ದವನು ಇಮಾಮಸಾಬ. ತೊಗಲಿನ ಪಖಾಲಿಯನ್ನು ಎತ್ತಿನ ಬೆನ್ನಿಗೆ ಹೇರಿಕೊಂಡು ಮಸೀದಿಯ ಬಾವಿಯಿಂದ ಊರಿಗೆಲ್ಲ ನೀರು ಹಾಕುವುದು ಅವನ ಕಸುಬು. ‘ಆ ಕೇರಿಯವರಿಗೆ ನೀರು ಹಾಕಿದ ಪಖಾಲಿ ನಮ್ಮ ಮನೆಗೆ ತರಬೇಡ’ ಎಂದು ಗೌಡರ ಮನೆಯವರು ಗದರಿದಾಗ, ಅವನು ಗೌಡರ ಮನೆಗೆ ನೀರು ಹಾಕುವುದನ್ನೇ ಬಿಟ್ಟನಂತೆ.

ದೊಡ್ಡವ್ವನ ದೀಕ್ಷಾಸ್ನಾನ ನಡೆದದ್ದು ಬೇಸಿಗೆಯಲ್ಲಿ. ಹಳ್ಳ ಬತ್ತಿತ್ತು. ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೂ ನಡೆಯುತ್ತದೆ ಎಂದು ಪಾದ್ರಿಗಳು ಹೇಳಿದರು. ಇವಳು ಒಪ್ಪಲಿಲ್ಲ. ನೀರಲ್ಲಿ ಮುಳುಗುವುದೆಂದರೆ ಹಳೆಯ ಮನುಷ್ಯನನ್ನು ಹೂಳಿದಂತೆ, ಮೇಲೆ ಬರುವುದೆಂದರೆ ಕರ್ತನ ಜೊತೆ ಹೊಸದಾಗಿ ಎದ್ದಂತೆ ಎಂದು ಕಲಿಸಿದವರು ಅವರೇ ತಾನೇ? ಅರ್ಧ ಹೂಳಿಸಿಕೊಳ್ಳಲು ಅವಳು ತಯಾರಿರಲಿಲ್ಲ. ಕಡೆಗೆ ಇಮಾಮಸಾಬನೇ ಪಖಾಲಿಯ ಮೇಲೆ ಪಖಾಲಿ ತಂದು ದನದ ಕಲ್ಲು ಡೋಣಿಯನ್ನು ತುಂಬಿಸಿದನಂತೆ.

“ಇಷ್ಟ್ ನೀರ ಯಾತಕ್ಕಬೇ ಕರುಣವ್ವ?” ಎಂದು ಕೇಳಿದನಂತೆ.

“ಸಾಯಾಕ. ಸತ್ತು ಹೊಸಾದಾಗಿ ಹುಟ್ಟಾಕ.”

“ಯಾ ಅಲ್ಲಾ! ಸಾಯಾಕ ಇಷ್ಟ್ ನೀರ ಬೇಕೇನು? ನಮಗ ಕಡೀಕ ಒಂದ್ ಗುಟುಕ ಸಾಕಾಗ್ತದ.”

ಈ ಮಾತನ್ನು ದೊಡ್ಡವ್ವ ಎಷ್ಟೋ ಸಲ ಹೇಳಿ ನಗುತ್ತಿದ್ದಳು. ಪೊಲೀಸ್ ಕಾರ್ಯಾಚರಣೆಯ ನಂತರ ನಗುವುದನ್ನು ನಿಲ್ಲಿಸಿದಳು.

ಆ ದಿನಗಳನ್ನು ಕಂಡವರಿಗೆ ನಾನು ವಿವರಿಸಬೇಕಿಲ್ಲ. ಮೊದಲು ರಜಾಕಾರರ ಭಯದಲ್ಲಿ ಒಂದು ಬಗೆಯ ಜನ ಊರು ಬಿಟ್ಟರು. ಫೌಜು ಬಂದು ನಿಜಾಮರ ರಾಜ್ಯ ಮುಗಿದ ಮೇಲೆ ಇನ್ನೊಂದು ಬಗೆಯ ಜನ ಊರು ಬಿಟ್ಟರು. ನಾನು ಆಗಿನ್ನೂ ಮೀಸೆ ಗಟ್ಟಿಯಾಗದ ಹೊಸ ಮಾಸ್ತರ. ಶಾಲೆ ಮುಚ್ಚಿದ್ದರಿಂದ ದೊಡ್ಡವ್ವನ ಊರು ಸುರಕ್ಷಿತ ಎಂದು ಲೆಕ್ಕ ಹಾಕಿ ಅಲ್ಲಿಗೆ ಹೋಗಿದ್ದೆ. ಚಿಂತೆಯ ಮನುಷ್ಯರ ಲೆಕ್ಕಗಳು ಯಾವಾಗಲೂ ಹೀಗೆಯೇ. ಇಮಾಮಸಾಬನ ಮಗಳು ಮಕ್ಕಳನ್ನು ಕಟ್ಟಿಕೊಂಡು ಬೀದರಿಗೆ ಓಡಿದ್ದಳು. ಎತ್ತಿಗೆ ಮೇವು ಯಾರು ಹಾಕುತ್ತಾರೆ ಎಂದು ಮುದುಕ ಉಳಿದಿದ್ದ. ಒಂದು ಮಧ್ಯಾಹ್ನ ಅವನು ಹಳ್ಳದ ದಂಡೆಯಲ್ಲಿ ಸತ್ತುಬಿದ್ದಿದ್ದಾನೆ ಎಂಬ ಸುದ್ದಿ ಬಂತು. ಯಾರು ಹೊಡೆದರು ಎಂದು ಆಗಲೂ ಯಾರೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹೆಣ ಮುಟ್ಟಿದವರ ಕೈ ಇರುವುದಿಲ್ಲ ಎಂಬ ಮಾತು ಮಾತ್ರ ಸಂಜೆಯೊಳಗೆ ಎಲ್ಲ ಮನೆಗಳಿಗೂ ಮುಟ್ಟಿತ್ತು.

ದೊಡ್ಡವ್ವ ಒಲೆಗೆ ನೀರು ಹೊಡೆದು ಎದ್ದು ನಿಂತಳು. “ತಮ್ಮಾ, ಹೊರಸಿನ ಆ ಕಡಿ ನೀ ಹಿಡಿ.”

“ದೊಡ್ಡವ್ವ, ನನ್ನ ಕೈ…”

“ಕೈ ಹೋದ್ರ ಹೋಗ್ಲಿ. ಪಾಠ ಬಾಯಿಂದ ಹೇಳ್ತೀಯಿಲ್ಲ?”

ಹೀಗೆ ನನ್ನನ್ನು ಹೊರಡಿಸಲಾಯಿತು. ಇಮಾಮಸಾಬನನ್ನು ಹೊರಸಿನ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಮುಂದೆ ಅವಳು ಹಿಂದೆ ನಾನು ಹೊತ್ತು ನಡೆದೆವು. ಜಿಟಿಜಿಟಿ ಮಳೆ. ಚಾವಡಿಯ ಹತ್ತಿರ ನಾಲ್ಕಾರು ಜನ ಬಡಿಗೆ ಹಿಡಿದು ನಿಂತಿದ್ದರು, ನಡುವೆ ಗೌಡರ ಮನೆಯ ಹಿರಿಯ. ಹೊರಸಿನ ಹಗ್ಗ ಹರಿದರೆ ಏನು ಗತಿ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದ ಚಿಂತೆ. ಬಡಿಗೆಗಳ ಚಿಂತೆಗೆ ಜಾಗ ಉಳಿದಿರಲಿಲ್ಲ.

“ಎಲ್ಲಿಗ ಒಯ್ಯಾಕತ್ತಿ?” ಎಂದ ಗೌಡ.

“ನಮ್ಮ ಸಮಾಧಿ ಜಾಗಕ್ಕ ರಿ ಗೌಡ್ರ. ಬಿತ್ತಾಕ.”

“ಹೆಣಾ ಬಿತ್ತಿದ್ರ ಏನ್ ಬೆಳೀತದಬೇ?” ಯಾರೋ ನಕ್ಕರು.

“ಅದು ಬೆಳ್ಯಾ ದಿನ ನೀವೂ ಅಲ್ಲೇ ಇರ್ತೀರಿ, ನೋಡೀರಂತ.”

“ಸಾಬ ನಿನಗೇನಾಗ್ಬೇಕು?”

“ನಿಮ್ಮ ಬಾವಿ ನಮಗ ನೀರ ಕೊಡ್ಲಿಲ್ಲ. ಅಂವಾ ಕೊಟ್ಟ. ನಾ ಅಂವಗ ಮಣ್ಣ ಕೊಡ್ತೇನಿ. ಹಾದಿ ಬಿಡ್ರಿ, ಹುಡುಗನ ಕೈ ನಡುಗಾಕತ್ತಾವ, ಹೆಣಾ ನಿಮ್ಮ ಕಾಲ ಮ್ಯಾಲ ಬಿದ್ದೀತು.”

ಹಾದಿ ಬಿಟ್ಟರು. ಅವಳ ಧೈರ್ಯಕ್ಕೋ, ನನ್ನ ಕೈಯ ನಡುಕಕ್ಕೋ ಹೇಳಲಾರೆ. ನನ್ನ ನಡುಕ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ನಮ್ಮಲ್ಲಿ ಸತ್ತವರನ್ನು ಮೂಡಲಕ್ಕೆ ಕಾಲು ಮಾಡಿ ಮಲಗಿಸುತ್ತೇವೆ. ಕರ್ತನು ಬರುವ ಬೆಳಗ್ಗೆ ಎದ್ದು ನಿಂತರೆ ಮುಖ ಮೂಡಲಕ್ಕೇ ಇರಬೇಕು ಎಂಬ ನಂಬಿಕೆ. ಅಲ್ಲಿದ್ದ ಗೋರಿಗಳೆಲ್ಲ ಹಾಗೆಯೇ ಸಾಲಾಗಿದ್ದವು. ನಾವೂ ತೆಂಕಣ ಅಂಚಿನಲ್ಲಿ, ಪಕ್ಕದ ಗೋರಿಯ ನೇರಕ್ಕೆ, ಮೂಡಲ ಪಡುವಲವಾಗಿ ಅಗೆದೆವು. ಎರೆಮಣ್ಣು ಸನಿಕೆಗೆ ಬೆಲ್ಲದಂತೆ ಮೆತ್ತುತ್ತಿತ್ತು. ದೊಡ್ಡವ್ವ ಸೆರಗು ಬಿಗಿದು ನನಗಿಂತ ಹೆಚ್ಚು ಮಣ್ಣು ಎತ್ತಿ ಹಾಕಿದಳು. ಮಲಗಿಸಿ, ಮಣ್ಣು ಮುಚ್ಚಿ, ನರಿ ಕೆದರದಂತೆ ಮೇಲೆ ಕಲ್ಲು ಹೇರಿ, ಕಲ್ಲಿನ ಮೇಲೆ ಜಾಲಿಯ ಕಂಟಿ ಹರಡಿದೆವು. ಆಗ ಅವಳು ಹಣೆ ಬಡಿದುಕೊಂಡಳು.

“ಅಯ್ಯ, ಅವರು ಹಿಂಗ ಮಲಗಸಂಗಿಲ್ಲೋ! ತಲಿ ಬಡಗಣಕ್ಕ ಮಾಡ್ತಾರ. ಮಾರಿ ಮಕ್ಕಾದ ಕಡಿ ಇರ್ಬೇಕು.”

ನನಗೂ ಆಗಲೇ ಹೊಳೆದದ್ದು. ಮತ್ತೆ ತೆಗೆದು ಅಗೆಯಲು ಬೆಳಕಿರಲಿಲ್ಲ, ನನ್ನ ತೋಳುಗಳಲ್ಲಿ ಶಕ್ತಿಯಿರಲಿಲ್ಲ, ಚಾವಡಿಯವರು ಮನಸ್ಸು ಬದಲಿಸಿ ಬಂದರೆ ಎಂಬ ಭಯ ಬೇರೆ. ದೊಡ್ಡವ್ವ ಗೋರಿಯ ತಲೆಯ ಕಡೆ ಬಂದು ನಿಂತಳು. ಪ್ರಾರ್ಥನೆ ಮಾಡುತ್ತಾಳೆ ಎಂದುಕೊಂಡು ನಾನು ತಲೆ ಬಾಗಿಸಿದೆ. ಅವಳು ಮಾಡಿದ್ದು ಪ್ರಾರ್ಥನೆಯಲ್ಲ. ಪಡಸಾಲೆಯಲ್ಲಿ ಮಲಗಿದವರಿಗೆ ಹೇಳುವಂತೆ ಹೇಳಿದಳು: “ಇಮಾಮಣ್ಣ, ನಮ್ಮದು ತಪ್ಪಾಯ್ತಪ್ಪ. ನೀನೇ ಜರಾ ತಿರುಗಿ ಮಲಗು.”

ಮನೆಗೆ ಬಂದೆವು. ಮಳೆ ನಿಂತಿತು. ನಾನು ಕಂಬಳಿಯೊಳಗೆ ನನ್ನ ಎರಡೂ ಕೈಗಳನ್ನು ಮುಟ್ಟಿ ನೋಡಿಕೊಳ್ಳುತ್ತ ಬೆಳಗು ಮಾಡಿದೆ.

ಹೊತ್ತು ಮೂಡುವಾಗ ನರಿ ಏನಾದರೂ ಕೆದರಿದೆಯೇ ನೋಡಿ ಬಾ ಎಂದು ದೊಡ್ಡವ್ವ ಕಳಿಸಿದಳು. ಹೋದೆ. ನೋಡಿದೆ. ಗೋರಿ ಅಡ್ಡವಾಗಿತ್ತು.

ಇದಕ್ಕಿಂತ ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಸಾಲಿನ ಗೋರಿಗಳೆಲ್ಲ ಮೂಡಲಕ್ಕೆ ಕಾಲು ಚಾಚಿದ್ದವು. ಅಂಚಿನ ಹೊಸ ದಿಬ್ಬ ಮಾತ್ರ ಬಡಗಣದಿಂದ ತೆಂಕಣಕ್ಕೆ ಮಲಗಿತ್ತು. ನಾವು ಹೇರಿದ ಕಲ್ಲುಗಳೇ ಅದರ ಮೇಲಿದ್ದವು, ಕಲ್ಲಿನ ಮೇಲೆ ನಾವು ಹರಡಿದ ಜಾಲಿ. ಮಳೆ ನಿಂತ ಮೇಲೆ ಎರೆಮಣ್ಣಿನಲ್ಲಿ ಕೋಳಿ ನಡೆದರೂ ಗುರುತು ಉಳಿಯುತ್ತದೆ. ಅಲ್ಲಿದ್ದದ್ದು ನಮ್ಮಿಬ್ಬರ ಹೆಜ್ಜೆಗಳು, ಹಿಂದಿನ ಸಂಜೆಯವು. ಮತ್ತು ಆಗತಾನೇ ಒಳಗೆ ಬಂದ ನನ್ನವು. ನಾವು ಅಗೆದ ಜಾಗದ ಎರಡೂ ತುದಿಗಳಲ್ಲಿ ನೆಲ ಸಪಾಟಾಗಿತ್ತು, ಅಲ್ಲಿ ಸನಿಕೆ ಬಿದ್ದೇ ಇಲ್ಲವೆಂಬಂತೆ.

ಹೇಗೆ ಮನೆ ಮುಟ್ಟಿದೆನೋ ತಿಳಿಯದು. ದೊಡ್ಡವ್ವ ಬಂದು ನೋಡಿದಳು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಬಕ್ಕೆ ಒರಗಿದಂತೆ ನನ್ನ ಹೆಗಲಿಗೆ ಒರಗಿ ನಿಂತಳು. ಆಮೇಲೆ, “ಮಾತ ಕೇಳ್ಯಾನ ನೋಡು” ಎಂದಳು.

“ಅಗದು ನೋಡೂನೇನು?” ಎಂದೆ. ಇದು ನನ್ನೊಳಗಿನ ಮಾಸ್ತರನ ಮಾತು.

“ಮಲಗಿದವರ ಹಾಸಿಗಿ ಎತ್ತಿ ನೋಡ್ತಾರೇನೋ ಹುಚ್ಚಪ್ಯಾ?”

ಅವನ ಕಡೆಯವರು ಬಂದು ತಿರುಗಿಸಿರಬಹುದು ಎಂದು ನಾನು ಬಹಳ ದಿನ ನನ್ನನ್ನು ಸಮಾಧಾನ ಮಾಡಿಕೊಂಡೆ. ಊರು ತಣ್ಣಗಾದ ಮೇಲೆ ಇಮಾಮಸಾಬನ ಮಗಳು ಬೀದರಿನಿಂದ ಬಂದಳು. ಗೋರಿಯ ತಲೆಯ ಕಡೆ ಕೂತು ಅತ್ತಳು. ತಂದೆ ಸತ್ತದ್ದೇ ಅವಳಿಗೆ ತಿಳಿದದ್ದು ಹಿಂದಿನ ವಾರ. ಏಳುವಾಗ ದೊಡ್ಡವ್ವನ ಕೈ ಹಿಡಿದು ಹೇಳಿದಳು: “ಮೌಸಿ, ಯಾರೂ ಇಲ್ದಾಗ ನೀವು ಬರೋಬ್ಬರ್ ಮಲಗಸೀರಿ. ನಾನು ಇದ್ರೂ ಇದಕ್ಕಿಂತ ಚಂದ ಆಗ್ತಿರ್ಲಿಲ್ಲ.” ದೊಡ್ಡವ್ವ ನನ್ನನ್ನು ನೋಡಿದಳು. ನಾನು ಚಪ್ಪಲಿಯ ಮಣ್ಣು ಕೆರೆಯತೊಡಗಿದೆ.

ಕೆಲವು ವರ್ಷಗಳ ನಂತರ, ರಾಜ್ಯಕ್ಕೆ ಇನ್ನೂ ಹೈದರಾಬಾದ್ ಎಂಬ ಹೆಸರೇ ಇದ್ದಾಗ, ಸಮಾಧಿ ಜಾಗಕ್ಕೆ ಗೋಡೆ ಕಟ್ಟಲು ನಮ್ಮ ಕ್ರೈಸ್ತ ಸಭೆಯವರು ನಿಶ್ಚಯಿಸಿದರು. ಇಮಾಮಸಾಬನ ಗೋರಿ ನೇರವಿದ್ದಿದ್ದರೆ ಗೋಡೆಯ ಒಳಗೇ ಉಳಿಯುತ್ತಿತ್ತು. ಅಡ್ಡ ಇದ್ದುದರಿಂದ ಅವನ ಕಾಲುಗಳು ಗೋಡೆಯ ಗೆರೆಯಾಚೆ ಹೋಗುತ್ತಿದ್ದವು. ಸಭೆ ಕೂಡಿತು. ನನ್ನನ್ನು ಬೀದರಿನಿಂದ ಕರೆಸಿದರು. ಹಿರಿಯರಾದ ಯೋಹಾನಪ್ಪ ಕೆಟ್ಟವರಲ್ಲ. ಜಗಳವಿಲ್ಲದೆ ಕೆಲಸ ಮುಗಿಯಲಿ ಎಂಬ ಆಸೆ ಅವರದು.

“ಮಾಸ್ತರ, ಮಳಿ ಇತ್ತು, ಕತ್ತಲಾಗಿತ್ತು, ನೀವಂತೂ ಮೊದಲೇ ಅಂಜ್‌ಬುರ್ಕ. ದಿಕ್ಕ ತಪ್ಪಿ ಅಡ್ಡ ಅಗದೀರಿ. ಹೌದಿಲ್ರಿ? ಅಷ್ಟ್ ಹೇಳಿಬಿಡ್ರಿ. ದಿಬ್ಬಿ ಸೀದಾ ಮಾಡಸ್ತೀವಿ, ಒಂದ್ ಶಿಲುಬಿ ನಡಸ್ತೀವಿ. ಒಳಗೇ ಇರ್ಲಿ ಪಾಪ. ಇಲ್ಲಂದ್ರ ಅಲ್ಲಿಂದ ತಗಸಿ ಹೊರಗ ಇಡಬೇಕಾಗ್ತದ.”

ದೊಡ್ಡವ್ವ ಹೆಂಗಸರ ಚಾಪೆಯಿಂದ ಎದ್ದಳು. “ಅಂವಾ ನಮ್ಮಂವ ಆಗ್ಲಿಲ್ಲ. ಆಗು ಅಂತ ನಾನೂ ಹೇಳ್ಲಿಲ್ಲ. ಬದುಕಿದ್ದಾಗ ಕೇಳ್ಲಾರ್ದ್ದು ಸತ್ತ ಮ್ಯಾಲ ಅಂವನ ಎದಿ ಮ್ಯಾಲ ನಡಸ್ತೀರೇನ್ರಿ?”

“ಹಂಗಲ್ಲ ಕರುಣಮ್ಮ,” ಎಂದರು ಪಾದ್ರಿಗಳು ಮೆತ್ತಗೆ. “ಪುನರುತ್ಥಾನದ ದಿನ ಎಲ್ಲರೂ ಮೂಡಲಕ್ಕ ಮುಖ ಮಾಡಿ ಏಳಬೇಕು, ಅದು ನಮ್ಮ ನಿರೀಕ್ಷೆ.”

“ನೀವೇ ನನ್ನ ಡೋಣ್ಯಾಗ ಹೂಳಿದ್ರಿ ಅಯ್ಯನೋರ. ಆಗ ನನ್ನ ಮಾರಿ ಯಾವ ಕಡಿ ಇತ್ತು, ನೆನಪದ ಏನ್ರಿ? ನನಗಿಲ್ಲ. ಎದ್ದೆ, ಅಷ್ಟೇ ನೆನಪು. ಎಬ್ಬಿಸಾಂವಗ ದಿಕ್ಕ ನಾವು ತೋರಸ್ಬೇಕೇನ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ಯೋಹಾನಪ್ಪ ನನಗೆ ತೆರೆದಿಟ್ಟ ಬಾಗಿಲು ನಿಜಕ್ಕೂ ಸುಖದ ಬಾಗಿಲು. ದಿಕ್ಕು ತಪ್ಪಿತ್ತು ಎಂದರೆ ವಿಚಿತ್ರವೇ ಮಾಯವಾಗುತ್ತಿತ್ತು, ನನಗೆ ನಿದ್ದೆ ಬರುತ್ತಿತ್ತು. ಅಂಜುಬುರುಕ ಎಂಬ ಹೆಸರು ಹೇಗೂ ಇತ್ತು. ಆದರೆ ಹಾಗೆಂದ ಕೂಡಲೇ ಯಾರೋ ಸನಿಕೆ ತರುತ್ತಾರೆ, ತಿರುಗಿ ಮಲಗಿದ ಮುದುಕನನ್ನು ಮತ್ತೆ ತಿರುಗಿಸುತ್ತಾರೆ. ನಾನು ಎದ್ದು ನಿಂತೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ನಾ ಸೀದಾ ಅಗದೀನ್ರಿ. ಅಂವಾ ಅಡ್ಡ ಮಲಗ್ಯಾನ. ಎರಡೂ ಖರೆ ಅದಾವ. ನನಗ ತಿಳೀಲಾರ್ದ್ದಕ್ಕ ಅಂವನ್ಯಾಕ ಎಬ್ಬಸ್ತೀರಿ? ತಿರುಗಿಸೂದೇ ಇದ್ರ ಗ್ವಾಡಿ ತಿರುಗಸ್ರಿ. ಅಂವನ ಮ್ಯಾಲ ಸನಿಕಿ ಇಡಾಂವ ಮೊದಲು ನನ್ನ ಅಲ್ಲಿ ಹೂಳ್ಬೇಕು.”

ಇಂಥ ಮಾತು ನನ್ನ ಬಾಯಿಂದ ಮೊದಲು ಎಂದೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಪಾದ್ರಿಗಳು ಗೌಂಡಿಯನ್ನು ಕರೆದು, ಆ ಜಾಗದಲ್ಲಿ ಗೋಡೆಯನ್ನು ಹೊರಗೆ ಉಬ್ಬಿಸಿ ಕಟ್ಟಲು ಹೇಳಿದರು.

ಗೋಡೆ ಇಂದಿಗೂ ಅಲ್ಲಿ ಸೊಟ್ಟಗಿದೆ. ದೊಡ್ಡವ್ವ ತೀರಿಕೊಂಡಾಗ ಅವಳನ್ನು ಪಕ್ಕದಲ್ಲೇ, ನಮ್ಮ ಪದ್ಧತಿಯಂತೆ ಮೂಡಲಕ್ಕೆ ಕಾಲು ಮಾಡಿ ಮಲಗಿಸಿದೆವು. ಅವಳು ತಿರುಗಿಲ್ಲ, ಅವಳದು ಒಮ್ಮೆ ನಿಶ್ಚಯಿಸಿದರೆ ಅಲುಗದ ಸ್ವಭಾವ. ಎರೆಮಣ್ಣು ಹಸಿಯಾದಾಗ ಹಿಗ್ಗುತ್ತದೆ, ಒಣಗಿದಾಗ ಬಿರಿಯುತ್ತದೆ, ಗೋಡೆಗಳನ್ನೇ ಸರಿಸುತ್ತದೆ ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಜಾಲಿಯ ಕಂಟಿ ಕದಲದಂತೆ, ಒಂದೇ ರಾತ್ರಿಯೊಳಗೆ, ಕೇಳಿಕೊಂಡ ದಿಕ್ಕಿಗೇ ಸರಿಸುವ ಮಣ್ಣನ್ನು ಯಾವ ಪಾಠದಲ್ಲೂ ಕಂಡಿಲ್ಲ. ನನ್ನ ನೆನಪೇ ನನಗೆ ಮೋಸ ಮಾಡಿತೇ ಎಂಬ ಚಿಂತೆಯನ್ನೂ ಸಾಕಷ್ಟು ಪಟ್ಟಿದ್ದೇನೆ. ನೆನಪು ಮಾತ್ರ ಪ್ರತಿ ಸಲವೂ ನೇರವಾಗಿಯೇ ಅಗೆಯುತ್ತದೆ.

ಸಭೆಗೆ ಹೊಸ ಪಾದ್ರಿಗಳು ಬಂದಾಗಲೆಲ್ಲ ಗೋಡೆ ಇಲ್ಲೇಕೆ ಡೊಂಕಾಗಿದೆ ಎಂದು ಕೇಳುತ್ತಾರೆ. ಹಿರಿಯರು ನನಗೆ ಹೇಳಿ ಕಳಿಸುತ್ತಾರೆ. ನಾನು ಭಾಲ್ಕಿಯ ಬಸ್ಸು ಹಿಡಿದು ಹೋಗಿ, ಇಷ್ಟನ್ನೂ ಹೀಗೆಯೇ ಹೇಳುತ್ತೇನೆ. ಕೇಳಿದ ಮೇಲೆ ಅವರು ಇದಕ್ಕೆ ಅರ್ಥವೇನು ಎನ್ನುತ್ತಾರೆ. ಗೊತ್ತಿಲ್ಲ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಗೊತ್ತಾಗುವ ದಿನ ಅವನೂ ಎದ್ದಿರುತ್ತಾನೆ, ಆಗ ಅವನನ್ನೇ ಕೇಳಿದರಾಯಿತು. ಅಲ್ಲಿಯವರೆಗೆ ಅವನ ಕಾಲು ಮಡಚಲು ನಾನು ಯಾರಿಗೂ ಬಿಡುವುದಿಲ್ಲ.